ಶಟರ್ ಎಳೆದ ಮೇಲೆ ಬೇಡ

ಅಂಗಡಿಯಿಂದ,
ಸೋಮವಾರ, ಮೇ ೧೨

ಪ್ರೀತಿಯ ಮಗ ಉದ್ದಪ್ಪನಿಗೆ,

ಹೇಗಿದ್ದೀಯಪ್ಪಾ? ಬಲಭುಜದ ನೋವು ಕಡಿಮೆಯಾಯಿತೇ? ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವಾಗ ಆ ಭುಜಕ್ಕೇ ಭಾರ ಕೊಡಬೇಡ. ಬೌಲಿಂಗ್ ಬಿಟ್ಟರೂ ಭುಜ ನಿನ್ನದೇ. ಇಲ್ಲಿ ನಿನ್ನ ಅಮ್ಮನ ಮಂಡಿ, ನನ್ನ ಸೊಂಟ ಪೈಪೋಟಿಗೆ ಬಿದ್ದಿವೆ. ದಿನವಿಡೀ ನಿಂತು ಕತ್ತರಿ ಆಡಿಸುವವನ ಸೊಂಟ ಇನ್ನೇನು ತಾನೇ ಮಾಡೀತು. ನಿನ್ನನ್ನು ನೋಡಿಕೊಂಡು ಬಂದ ನಿನ್ನ ಅಕ್ಕ, ನೀನು ಎದೆಯವರೆಗೆ ಗಡ್ಡ ಬಿಟ್ಟಿದ್ದೀ, ಅಲ್ಲಿ ಯಾರಿಗೂ ನಿನ್ನ ಗುರುತು ಸಿಗುವುದಿಲ್ಲ ಎಂದಳು. ಕಟಿಂಗ್ ಶಾಪಿನವನ ಮಗನಿಗೆ ಎದೆಯುದ್ದ ಗಡ್ಡ! ಕೇಳಿ ನಗು ಬಂತು, ಆಮೇಲೆ ಊಟ ಸೇರಲಿಲ್ಲ.

ನಿನ್ನ ಮೂರು ವರ್ಷದ ನಿಷೇಧ ಮುಗಿಯಿತು, ದೇಶದ ತಂಡದ ಶಿಬಿರಕ್ಕೆ ನಿನ್ನನ್ನು ಕರೆದಿದ್ದಾರೆ ಎಂದು ಪೇಪರಿನಲ್ಲಿ ಬಂದಾಗಿನಿಂದ ಅಂಗಡಿಯ ಬೆಂಚಿನ ಮೇಲೆ ಅದೇ ಮಾತು. ಹಣ ತೆಗೆದುಕೊಂಡು ಬೇಕೆಂದೇ ನೋಬಾಲ್ ಹಾಕಿದವನು ಮತ್ತೆ ದೇಶದ ಅಂಗಿ ತೊಡಬಹುದೇ ಎಂದು ಒಬ್ಬ. ಶಿಕ್ಷೆ ಮುಗಿದ ಮೇಲೂ ನೇಣು ಹಾಕುತ್ತೀರಾ ಎಂದು ಇನ್ನೊಬ್ಬ. ಒಂದು ತಮಾಷೆ ನೋಡು, ಬೆಂಚಿನಲ್ಲಿ ನಿನ್ನನ್ನು ಹಿಗ್ಗಾಮುಗ್ಗಾ ಬೈದವರೇ ಕುರ್ಚಿಗೆ ಬಂದು ಕುತ್ತಿಗೆ ಚಾಚಿದೊಡನೆ ನಿನ್ನ ಯಾರ್ಕರ್ ಹೊಗಳಲು ಶುರು ಮಾಡುತ್ತಾರೆ. ಕತ್ತಿ ನನ್ನ ಕೈಯಲ್ಲಿರುತ್ತದಲ್ಲ! ಎರಡನ್ನೂ ಕೇಳಿ ಕೇಳಿ ದಣಿದಿದ್ದೇನೆ ಮಗಾ. ಉಪ್ಪು ತಿಂದವನು ನೀರು ಕುಡಿಯಲೇಬೇಕು, ನೀನು ಕುಡಿದೆ; ನಿನ್ನ ಜೊತೆ ನಾವೂ ಕುಡಿದೆವು.

ನಿನ್ನೆ ಬಸ್ ಕಂಡಕ್ಟರ್ ಬಂದಿದ್ದ. ಭಾನುವಾರ ತಪ್ಪಿಸದ ಗಿರಾಕಿ, ಚಿಕ್ಕಂದಿನಲ್ಲಿ ನಿನ್ನನ್ನು ಟಿಕೆಟ್ ಕೇಳದೆ ಮೈದಾನದವರೆಗೆ ಬಿಡುತ್ತಿದ್ದನಲ್ಲ, ಅವನೇ. ಅವನೊಬ್ಬ ಮಾತ್ರ ಕುರ್ಚಿಯಲ್ಲಿ ಕೂತೂ ಮಾತು ಬದಲಿಸಲಿಲ್ಲ. ಅರ್ಧ ಗಲ್ಲದಲ್ಲಿ ನೊರೆ ಇರುವಾಗಲೇ ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ, "ಆ ನೋಬಾಲ್ ಹಾಕಿದ ದಿನ ನಾನು ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಇವನ ಬೌಲಿಂಗ್ ತೋರಿಸ್ದೆ. ಶಿಕ್ಷೆ ಮುಗೀತು, ಸರಿ. ಆಡ್ಲಿ, ನಾನ್ಯಾಕೆ ಬೇಡ ಅನ್ಲಿ? ಆದ್ರೆ ಇನ್ಮೇಲೆ ಅವನು ಓಡಿ ಬಂದಾಗೆಲ್ಲ ನಾನು ಗೆರೆ ಹತ್ರ ಕಾಲನ್ನೇ ನೋಡ್ತೀನಿ, ಚೆಂಡನ್ನಲ್ಲ" ಎಂದ. ನನಗೆ ಸಿಟ್ಟು ಬರಲಿಲ್ಲ. ನಾನೂ ಕಾಲನ್ನೇ ನೋಡುವವನು ಎಂದು ಗೊತ್ತಾಗಿ ಸಂಕಟವಾಯಿತು.

ನಿನ್ನ ಅಮ್ಮನದು ಒಂದೇ ಹಟ. ಆಡುವುದೂ ಬೇಡ, ಅನ್ನಿಸಿಕೊಳ್ಳುವುದೂ ಬೇಡ, ಗೋದಾಮಿನ ಕೆಲಸಕ್ಕೇನು ಕಡಿಮೆ ಎನ್ನುತ್ತಾಳೆ. ಹಾಗೆನ್ನುವವಳು ನಿನ್ನ ಬೂಟುಗಳನ್ನು ಬಿಸಿಲಿಗಿಡುವುದನ್ನು ಮಾತ್ರ ಬಿಟ್ಟಿಲ್ಲ. ನನ್ನನ್ನು ಕೇಳಿದರೆ, ಶಿಕ್ಷೆ ಮುಗಿಸಿದವನಿಗೆ ಮೈದಾನದ ಬಾಗಿಲು ತೆರೆಯಬೇಕು. ಬಾಗಿಲು ತೆರೆದವರು ಚಪ್ಪಾಳೆಯನ್ನೂ ಹೊಡೆಯಲಿ ಎಂದು ಅವನು ಕೇಳಬಾರದು, ಅಷ್ಟೇ. ನಿನ್ನ ಮನಸ್ಸಿನಲ್ಲಿ ಏನಿದೆಯೆಂದು ನಿನ್ನ ಬಾಯಿಂದಲೇ ಕೇಳಬೇಕು.

ಹೊತ್ತುಹೊತ್ತಿಗೆ ಊಟ ಮಾಡು. ನಿನ್ನ ಕಣ್ಣಿಗೆ ಒಳ್ಳೆಯ ನಿದ್ದೆ ಹತ್ತಲಿ ಎಂದು ಹರಸುವ,

ನಿನ್ನ ಅಪ್ಪ

ಮರೆತ ಮಾತು: ಗಿರಾಕಿ ಬಂದು ಕೂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಶಿಬಿರದವರು ಅಂಗಡಿಗೇ ಫೋನ್ ಮಾಡಿದ್ದರು. ಮುಂದಿನ ಸೋಮವಾರದೊಳಗೆ ನೀನು ಹೂಂ ಅಥವಾ ಊಹೂಂ ಹೇಳಬೇಕಂತೆ. ಶನಿವಾರ ಶಟರ್ ಎಳೆದ ಮೇಲೆ ಬರುತ್ತೇನೆ, ಅಪ್ಪ ಗಡ್ಡ ತೆಗೆದುಬಿಡಲಿ ಎಂದು ಅಕ್ಕನ ಹತ್ತಿರ ಹೇಳಿ ಕಳಿಸಿದ್ದೀಯಂತೆ. ಗಡ್ಡ ತೆಗೆಯೋಣ. ಆದರೆ ಶಟರ್ ಎಳೆದ ಮೇಲೆ ಬೇಡ. ಭಾನುವಾರ ಬೆಳಗ್ಗೆ ಬಾ, ಬೆಂಚು ತುಂಬಿರುವಾಗ. ಇಲ್ಲಿ ಕೂರಲಾಗದಿದ್ದರೆ ಅಲ್ಲಿ ಮೈದಾನದಲ್ಲಿ ಅಷ್ಟು ಜನರ ಮುಂದೆ ಓಡಿ ಬರುವುದೂ ನಿನ್ನಿಂದಾಗದು. ಕಂಡಕ್ಟರೂ ಬಂದಿರುತ್ತಾನೆ. ಅವನ ಪಕ್ಕದಲ್ಲಿ ಕೂತು ನಿನ್ನ ಸರದಿಗೆ ಕಾಯಿ.