ಹಿತ್ತಲ ಕೋಣೆಯ ಪ್ರಾರ್ಥನೆ

ರುಂಡಾ, ನೈರೋಬಿ
೮ ಮಾರ್ಚ್ ೨೦೨೫

ಪ್ರೀತಿಯ ಲವೀನಕ್ಕನಿಗೆ,

ಮೂರು ಸಲ ಬರೆದು ಹರಿದೆ. ಇದನ್ನು ಹೇಗಿದ್ದರೂ ಕಳಿಸುತ್ತೇನೆ. ಆಶಿಷ್ ಕೆನಡಾದಲ್ಲಿ ಓದುತ್ತಿಲ್ಲ. ನವೆಂಬರಿನಲ್ಲಿ ನನ್ನ ಮಗ ಕುಡಿದು ಕಾರು ಓಡಿಸಿ ಮುಸ್ಯೋಕಾ ಎಂಬ ಕಾವಲುಗಾರನನ್ನು ಕೊಂದ. ಇಲ್ಲಿಯದೇ ಜೈಲಿನಲ್ಲಿ ವಿಚಾರಣೆಗೆ ಕಾಯುತ್ತಿದ್ದಾನೆ. ಯಾರಿಗೂ ತಿಳಿಯಬಾರದೆಂದು ಅವನ ಅಪ್ಪ, ಡೆಂಜಿಲ್, ನನ್ನಿಂದ ಆಣೆ ಮಾಡಿಸಿಕೊಂಡರು. ನನಗೂ ಅದೇ ಬೇಕಿತ್ತು.

ಇಲ್ಲಿ ಬೀದಿಗೊಂದು ಪ್ರಾರ್ಥನಾ ಗುಂಪಿದೆ, ಜುಮುಯಾ ಅನ್ನುತ್ತಾರೆ. ವಾರಕ್ಕೊಂದು ಮನೆಯಲ್ಲಿ ಸೇರುತ್ತೇವೆ. ಮನೆಯವರೂ ಕೆಲಸದವರೂ ಅದರಲ್ಲಿ ಸದಸ್ಯರೇ. ನಿನ್ನೆ ಸರದಿ ನಮ್ಮ ಅಡುಗೆಯ ಅಕಿನ್ಯಿಯದು. ನಮ್ಮ ಹಜಾರದಲ್ಲೇ ಮಾಡು ಅಂದೆ. ಬೇಡ ಮಾಮಾ (ಇಲ್ಲಿ ಅಮ್ಮ ಅನ್ನುವುದು ಹೀಗೆ), ನನ್ನ ಸರದಿ ನನ್ನ ಮನೆಯಲ್ಲೇ ಅಂದಳು. ಅವಳ ಮನೆ ಎಂದರೆ ನಮ್ಮ ಹಿತ್ತಲಿನ ಒಂದು ಕೋಣೆ. ಒಂಬತ್ತು ವರ್ಷದಲ್ಲಿ ನಾನು ಅದರೊಳಗೆ ಕಾಲಿಟ್ಟಿರಲಿಲ್ಲ. ಹತ್ತು ಜನ ಮಂಚದ ಮೇಲೆ, ನೆಲದ ಮೇಲೆ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು.

ನಿನ್ನೆ ಸಂತ ಪೆರ್ಪೆತುವಾ, ಫೆಲಿಸಿತಾ ಅವರ ಹಬ್ಬ. ಅವರ ಕಥೆಯನ್ನೇ ಓದಿದರು. ಒಬ್ಬಳು ದೊಡ್ಡ ಮನೆತನದವಳು, ಇನ್ನೊಬ್ಬಳು ದಾಸಿ; ನಂಬಿಕೆಗಾಗಿ ಇಬ್ಬರಿಗೂ ಒಂದೇ ಸೆರೆಮನೆ. ಅವರನ್ನು ಮೃಗಗಳಿಗೆ ಬಿಟ್ಟ ಅಖಾಡದಲ್ಲಿ ದಾಸಿ ಬಿದ್ದಾಗ ಮೊದಲನೆಯವಳು ಕೈಹಿಡಿದು ಎಬ್ಬಿಸಿದಳಂತೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಆಮೇಲೆ ಯಾರಿಗಾಗಿ ಪ್ರಾರ್ಥಿಸಬೇಕೆಂದು ಒಬ್ಬೊಬ್ಬರೂ ಹೇಳಬೇಕು. ಫೋನು ಕದ್ದ ಆರೋಪದ ಮೇಲೆ ಜೈಲಿನಲ್ಲಿರುವ ತನ್ನ ತಮ್ಮನಿಗಾಗಿ ಎಂದಳು ಅಕಿನ್ಯಿ. ಅಲ್ಲಿಯೇ ಇರುವ ಇನ್ನೊಬ್ಬ ಹುಡುಗನಿಗಾಗಿಯೂ ಎಂದಳು. ಹೆಸರು ಹೇಳಲಿಲ್ಲ, ನನ್ನ ಕಡೆ ನೋಡಲಿಲ್ಲ. ಜನವರಿಯಲ್ಲಿ ಜೈಲಿನ ಬಾಗಿಲ ಸಾಲಿನಲ್ಲಿ ನಾವಿಬ್ಬರೂ ಎದುರಾಗಿದ್ದೆವು. ನನ್ನನ್ನು ಕಂಡು ಅವಳು ಹಿಂದೆ ಸರಿದಿದ್ದಳು. ಆಮೇಲೆ ಆ ಮಾತನ್ನೇ ಎತ್ತಿರಲಿಲ್ಲ.

ಆ ಇನ್ನೊಬ್ಬ ಹುಡುಗ ನನ್ನ ಮಗ ಎಂದೆ. ಮುಸ್ಯೋಕಾನ ಹೆಸರನ್ನೂ ಹೇಳಿದೆ. ಪಕ್ಕದ ಮನೆಯ ಕಾವಲುಗಾರ ಎದ್ದು ಹೊರಟೇಹೋದ. ಉಳಿದವರು ಕೂತೇ ಇದ್ದರು. ಅಕಿನ್ಯಿ ನನ್ನ ಕೈಗೆ ಚಹಾ ಕೊಟ್ಟು, ಸಕ್ಕರೆ ಹೆಚ್ಚಾಯಿತು ಅನ್ನಬೇಡಿ, ಇವತ್ತು ಯಜಮಾನಿ ನಾನು ಅಂದಳು. ಎಲ್ಲರೂ ನಕ್ಕರು. ನಾನು ಅತ್ತುಬಿಟ್ಟೆ.

ಡೆಂಜಿಲ್ ಸಂಜೆ ಮೊಂಬಾಸಾದಿಂದ ಬರುತ್ತಾರೆ. ಆಣೆ ಮುರಿದೆನೆಂದು ಹೇಳಬೇಕು. ಬೆಳಗಿನಿಂದ ಗೇಟಿನವರೆಗೆ ಹೋಗಿ ಬರುತ್ತಿದ್ದೇನೆ. ಅಮ್ಮನಿಗೆ ನೀನು ಹೇಳು. ನಿಜವನ್ನು ತೇಲಿಸಬೇಡ.

ನಿನ್ನ ತಂಗಿ,
ಸಿಲ್ವಿಯಾ

ತಾ.ಕ.: ಜೈಲಿನ ಸಾಲಿನ ಬಗ್ಗೆ ಬರೆದದ್ದು ಸುಳ್ಳು. ಅವಳು ಹಿಂದೆ ಸರಿಯಲಿಲ್ಲ. ಇಲ್ಲಿ ತಾಯಂದಿರನ್ನು ಕರೆಯುವಂತೆ ಮಾಮಾ ಆಶಿಷ್ ಎಂದು ಕೂಗಿ, ತನ್ನ ಮುಂದೆ ನನಗೆ ಜಾಗ ಬಿಟ್ಟಳು. ಇವಳು ನಿಮ್ಮವಳೇ ಎಂದು ಜೈಲಿನ ಕಾವಲಿನವನು ನನ್ನನ್ನು ಕೇಳಿದ. ಯಾರೋ ಗೊತ್ತಿಲ್ಲ ಎಂದೆ. ಜಾಗ ಮಾರುತ್ತಿದ್ದಾಳೆಂದು ಅವಳನ್ನು ಸಾಲಿನ ಕೊನೆಗೆ ಕಳಿಸಿದರು.