ಖಾಲಿ ಹೊಟ್ಟೆಯ ಮುದ್ರೆ

ಸೆಪ್ಟೆಂಬರ್ ೧೪, ಭಾನುವಾರ

ಪ್ರೀತಿಯ ಪುಟ್ಟಿ,

ಕಳೆದ ಮಾರ್ಚ್ ತಿಂಗಳ ಎರಡನೇ ಸೋಮವಾರ ದೊಡ್ಡಾಸ್ಪತ್ರೆಯ ಔಷಧಿ ಕಿಟಕಿಯಲ್ಲಿ ನನ್ನ ಮಾತ್ರೆಯ ಲಕೋಟೆಯ ಮೇಲೆ ತಪ್ಪು ಮುದ್ರೆ ಒತ್ತಿ ಕೊಟ್ಟರು. ಅದರಿಂದ ನಾನು ಸಾಯಬಹುದಿತ್ತು. ಸಾಯದೆ ಉಳಿದಾಗ, ತಪ್ಪು ನನ್ನದೇ ಎಂದು ಬರೆದುಕೊಂಡರು. ಇದನ್ನು ಮೊದಲು ಹೇಳಿ ಮುಗಿಸಿದೆ, ಇನ್ನು ನೆಮ್ಮದಿಯಾಗಿ ಕುಶಲ ಕೇಳಬಹುದು. ಹೇಗಿದ್ದೀಯ? ಒಳಗಿರುವ ಪುಟಾಣಿ ಬಹಳ ಒದೆಯುತ್ತಿದೆ ಎಂದು ಅಳಿಯಂದಿರು ನಿನ್ನಮ್ಮನಿಗೆ ಹೇಳಿದರಂತೆ. ಒದೆಯಲಿ. ನಮ್ಮ ಮನೆಯಲ್ಲಿ ಸುಮ್ಮನೆ ಕೂತವರು ಯಾರಿದ್ದಾರೆ?

ಇಷ್ಟು ದಿನ ಬರೆಯಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಕೆಲಸ ಮುಗಿಯದೆ ಬರೆಯಬಾರದು ಎಂದುಕೊಂಡಿದ್ದೆ. ಫೋನಿನಲ್ಲಿ ಹೇಳಬಹುದಿತ್ತು ಅನ್ನುತ್ತೀಯ. ಫೋನಿನಲ್ಲಿ ನೀನು ಅರ್ಧಕ್ಕೇ "ಸರಿ ಬಿಡಿ ಅಪ್ಪ, ಬಿಪಿ ಏರಿಸ್ಕೋಬೇಡಿ" ಎಂದು ಬಾಯಿ ಮುಚ್ಚಿಸುತ್ತೀಯ. ಕಾಗದಕ್ಕೆ ಹಾಗೆ ಹೇಳಲು ಬರುವುದಿಲ್ಲ.

ಜೂನ್‌ನಲ್ಲಿ ನಾನು ವಾರ್ಡಿನಲ್ಲಿ ಮಲಗಿದ್ದಾಗ ನೀನು ಅಂದ ಮಾತು ನೆನಪಿದೆ. "ಲೈಬ್ರರಿ ತುಂಬ ಪುಸ್ತಕ ಓದೋಕೆ ಪುರುಸೊತ್ತಿತ್ತು, ಒಂದು ಮಾತ್ರೆ ಚೀಟಿ ಓದೋಕೆ ಆಗಲಿಲ್ವಾ ಅಪ್ಪ?" ನಿನ್ನ ತಪ್ಪಲ್ಲ. ಆಸ್ಪತ್ರೆಯವರು ನಿನಗೆ ಹೇಳಿದ್ದೇ ಹಾಗೆ. ಈಗ ನಡೆದದ್ದನ್ನು ನನ್ನ ಬಾಯಿಂದ ಕೇಳು.

ಕಾಯಿಲೆ ನಿನಗೆ ಗೊತ್ತೇ ಇದೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ಮೂಳೆಗೆ ಹಬ್ಬಿದೆ. ಅದು ಬೆಳೆಯುವುದು ಗಂಡಸಿನ ಹಾರ್ಮೋನನ್ನು ಉಂಡು. ಅದರ ಅನ್ನ ಕಿತ್ತುಕೊಳ್ಳಲು ಮೂರು ತಿಂಗಳಿಗೊಂದು ಇಂಜೆಕ್ಷನ್ನು, ದಿನಕ್ಕೊಮ್ಮೆ ನಾಲ್ಕು ದೊಡ್ಡ ಮಾತ್ರೆ, ಅವುಗಳ ತೊಂದರೆ ತಡೆಯಲು ಒಂದು ಚಿಕ್ಕ ಮಾತ್ರೆ. ಚಿಕ್ಕದನ್ನು ತಿಂಡಿಯಾದ ಮೇಲೆ ನುಂಗಬೇಕು. ದೊಡ್ಡವನ್ನು ಖಾಲಿ ಹೊಟ್ಟೆಯಲ್ಲೇ ನುಂಗಬೇಕು. ಅದಕ್ಕೆ ಮುಂಚೆ ಎರಡು ಗಂಟೆ, ಆಮೇಲೆ ಒಂದು ಗಂಟೆ ನೀರು ಬಿಟ್ಟು ಏನೂ ಕೂಡದು. ಊಟದ ಜೊತೆ ಬಿದ್ದರೆ ಅದೇ ನಾಲ್ಕು ಮಾತ್ರೆ ರಕ್ತಕ್ಕೆ ಹಲವು ಪಟ್ಟು ಸೇರುತ್ತದೆ. ಜಿಡ್ಡಿನ ಊಟವಾದರೆ ಇನ್ನೂ ಹೆಚ್ಚು. ಇದು ನನಗೆ ಈಗ ಗೊತ್ತು. ಆಗ ನನ್ನ ಕೈಯಲ್ಲಿ ಇದ್ದದ್ದು ಕಂದು ಲಕೋಟೆ, ಅದರ ಮೇಲೆ ನೀಲಿ ಶಾಯಿಯ ಮುದ್ರೆ: ಊಟದ ನಂತರ. ಡಬ್ಬಿಯೊಳಗಿನ ವಿವರದ ಹಾಳೆ ಕೊಡಿ ಎಂದು ಕೇಳಿದೆ. "ಎಲ್ಲಾ ಲಕೋಟೆ ಮೇಲೆ ಇದೆಯಲ್ಲ ಸಾರ್" ಎಂದರು.

ಊಟದ ನಂತರ ಎಂದರೆ ನಿನ್ನಮ್ಮನ ಮನೆಯಲ್ಲಿ ಊಟದ ನಂತರವೇ. ಬೆಳಗ್ಗೆ ಎರಡು ಮೊಟ್ಟೆ, ಬೆಣ್ಣೆ ಮೆತ್ತಿದ ಬ್ರೆಡ್ಡು, ಕೆನೆ ಹಾಲು. "ಗಟ್ಟಿ ಮಾತ್ರೆ ರೀ, ಹೊಟ್ಟೆ ಗಟ್ಟಿಯಿರಬೇಕು" ಎಂದು ಇನ್ನೊಂದು ತುಂಡು ಹಾಕುತ್ತಿದ್ದಳು. ಮೇ ಹೊತ್ತಿಗೆ ಪಾದ ಊದಿ ಚಪ್ಪಲಿ ಹಿಡಿಸಲಿಲ್ಲ. ಆಮೇಲೆ ಎದೆ ಲಯ ತಪ್ಪಿದ ಗಡಿಯಾರದಂತೆ ನಿಂತು ನಿಂತು ಹೊಡೆದುಕೊಳ್ಳತೊಡಗಿತು. ಒಂದು ಬೆಳಗ್ಗೆ ಹಲ್ಲುಜ್ಜುವಾಗ ಕಾಲಿನ ಶಕ್ತಿ ಉಡುಗಿ ಬಚ್ಚಲಲ್ಲೇ ಕುಸಿದೆ. ರಕ್ತದೊತ್ತಡ ಆಕಾಶದಲ್ಲಿತ್ತು, ಪೊಟ್ಯಾಸಿಯಂ ಪಾತಾಳದಲ್ಲಿ.

ವಾರ್ಡಿನಲ್ಲಿ ದೊಡ್ಡ ಮಾತ್ರೆ ನಿಲ್ಲಿಸಿದರು, ಪೊಟ್ಯಾಸಿಯಂ ಏರಿಸಿದರು. ಎದೆ ದಾರಿಗೆ ಬಂದ ಮೇಲೆ ಒಂದು ಮುಂಜಾನೆ ನರ್ಸಮ್ಮ ಅವೇ ನಾಲ್ಕು ಮಾತ್ರೆ ತಂದು ಕೊಟ್ಟರು.

"ತಿಂಡಿ ಇನ್ನೂ ಬಂದಿಲ್ಲ ತಾಯಿ" ಎಂದೆ.

"ಬರದೇ ಇದ್ರೇನೇ ಒಳ್ಳೇದು ತಾತ. ಇದು ಖಾಲಿ ಹೊಟ್ಟೆ ಮಾತ್ರೆ ಅಲ್ವಾ?"

ನಾನು ನಿನ್ನಮ್ಮನ ಚೀಲದಿಂದ ಕಂದು ಲಕೋಟೆ ತೆಗೆಸಿ ತೋರಿಸಿದೆ. ಆಕೆ ಓದಿದರು, ಇನ್ನೊಮ್ಮೆ ಓದಿದರು. ಅಷ್ಟು ಹೊತ್ತಿಗೆ ನನ್ನ ಕೇಸ್ ಹಾಳೆಯಲ್ಲಿ ಒಂದು ಸಾಲು ಬಂದು ಕೂತಿತ್ತು: ರೋಗಿ ಸೂಚನೆ ಪಾಲಿಸಿಲ್ಲ.

ನನಗೆ ರೋಗ ಬಂದದ್ದಕ್ಕೆ ಯಾರ ಮೇಲೂ ಸಿಟ್ಟಿಲ್ಲ ಪುಟ್ಟಿ. ಈ ಸಾಲಿಗೆ ಸಿಟ್ಟು ಬಂತು.

ಕಾಲು ಊರುವಂತಾದ ಕೂಡಲೇ ಔಷಧಿ ಕಿಟಕಿಗೆ ಹೋದೆ. ಕಿಟಕಿಯವರು ಒಳ್ಳೆಯ ಮನುಷ್ಯ, ಕೈ ಬಿಡುವಿಲ್ಲದ ಮನುಷ್ಯ. ಅವರ ಪಕ್ಕದಲ್ಲಿ ಮುದ್ರೆ ಇಡುವ ಮರದ ಹಲಗೆ, ಅದರಲ್ಲಿ ಎರಡು ಗೂಡು. ಒಂದರಲ್ಲಿ ಮುದ್ರೆ ಇತ್ತು, ಇನ್ನೊಂದರಲ್ಲಿ ಪೆನ್ನಿನ ಮುಚ್ಚಳ ಮತ್ತು ಅರ್ಧ ತಿಂದ ಪೆಪ್ಪರ್‌ಮಿಂಟು. ಜೀವಮಾನವೆಲ್ಲ ಲೈಬ್ರರಿಯ ಮೇಜಿನಲ್ಲಿ ಮುದ್ರೆ ಒತ್ತಿದ ಕೈ ನನ್ನದು. ಖಾಲಿ ಗೂಡು ಕಂಡರೆ ನನಗೆ ತಡೆಯುವುದಿಲ್ಲ.

"ಇಲ್ಲಿದ್ದದ್ದು ಎಲ್ಲಿ ಹೋಯ್ತು?"

"ಅದಾ? ಖಾಲಿ ಹೊಟ್ಟೇದು. ಹಿಡಿ ಮುರಿದು ರಬ್ಬರು ಕಿತ್ತುಹೋಯ್ತು ಸಾರ್. ಬೇರೆ ಬೇಕು ಅಂತ ಬರೆದು ಹಾಕಿದೀವಿ. ಹೋದ ವರ್ಷದ ಮಾತು."

"ಅಲ್ಲಿವರೆಗೆ?"

"ಅಲ್ಲಿವರೆಗೆ ಎಲ್ಲದಕ್ಕೂ ಇದೇ. ಸುಮ್ನೆ ಕೊಟ್ರೆ ಜನ ವಾಪಸ್ ಬಂದು ಕೇಳ್ತಾರೆ. ಊಟ ಆದ್ಮೇಲೆ ಅಂದ್ರೆ ಯಾರಿಗೂ ತೊಂದ್ರೆ ಇಲ್ಲ ನೋಡಿ, ಹೊಟ್ಟೆ ಉರಿಯಲ್ಲ."

ನಮ್ಮ ಲೈಬ್ರರಿಯಲ್ಲಿ 'ಹೊರಗೆ ಕೊಡುವಂತಿಲ್ಲ' ಎಂಬ ಮುದ್ರೆ ಕಳೆದುಹೋದ ವರ್ಷ ನಿನಗೆ ನೆನಪಿರಲಿಕ್ಕಿಲ್ಲ, ಆಗ ನೀನು ಮೇಜಿನ ಕೆಳಗೆ ಆಡುತ್ತಿದ್ದೆ. ನನ್ನ ಜೊತೆಯವರು ಎಲ್ಲ ಪುಸ್ತಕಕ್ಕೂ 'ಹದಿನೈದು ದಿನದಲ್ಲಿ ಹಿಂತಿರುಗಿಸಿ' ಎಂದೇ ಒತ್ತಿದರು. ದೊಡ್ಡ ಭೂಪಟದ ಪುಸ್ತಕ ಅದೇ ವಾರ ಯಾರದೋ ಮನೆ ಸೇರಿತು, ಇವತ್ತಿಗೂ ಬಂದಿಲ್ಲ. ಅಲ್ಲಿ ಭೂಪಟ ಹೋಯಿತು. ಇಲ್ಲಿ ಮನುಷ್ಯರು ಹೋಗುತ್ತಾರೆ.

ದೊಡ್ಡ ಡಾಕ್ಟರ ಕೋಣೆಗೆ ಹೋದೆ. ಆಸ್ಪತ್ರೆ ಪೂರ್ತಿ ಅವರ ಕೈಯಲ್ಲಿದೆ. ತಣ್ಣಗಿನ ಕೋಣೆ, ಅದಕ್ಕಿಂತ ತಣ್ಣಗಿನ ದನಿ. "ಡಾಕ್ಟರು ಬಾಯಲ್ಲಿ ಹೇಳಿರ್ತಾರೆ. ನೀವು ಮರೆತಿರಬಹುದು. ವಯಸ್ಸು ನೋಡಿ" ಎಂದರು.

"ಮರೆವಿನ ವಿಷಯಕ್ಕೆ ಬರಬೇಡಿ" ಎಂದೆ. "ಆ ದಿನ ಡಾಕ್ಟರು ಹಳದಿ ಅಂಗಿ ತೊಟ್ಟಿದ್ದರು, ಎಡಗೈ ಹೆಬ್ಬೆರಳಿಗೆ ಪಟ್ಟಿ ಸುತ್ತಿತ್ತು. 'ಲಕೋಟೆ ಮೇಲೆ ಬರೆದ ಹಾಗೆ ತಗೊಳ್ಳಿ' ಅಂದರು. ಲಕೋಟೆ ಇಲ್ಲಿದೆ. ಓದಿ."

ಅವರು ಓದಲಿಲ್ಲ. ವಿಚಾರಿಸುತ್ತೇವೆ ಎಂದರು. ವಿಚಾರಿಸುತ್ತೇವೆ ಎಂಬ ಮಾತಿಗೆ ಎಷ್ಟು ಆಯಸ್ಸು ಎಂದು ನಮ್ಮ ಬೀದಿಯ ಮುರುಕು ಚರಂಡಿಯನ್ನು ಕೇಳಬೇಕು.

ನಾನು ಮನೆಗೆ ಬರಲಿಲ್ಲ. ಲೈಬ್ರರಿಗೆ ಮುದ್ರೆ ಮಾಡಿಕೊಡುತ್ತಿದ್ದ ಗೆಳೆಯನ ಅಂಗಡಿಗೆ ಹೋದೆ. ಕಿವಿ ಮಂದ, ಕೈ ಮಂದವಲ್ಲ. "ಏನಯ್ಯಾ, ಲೈಬ್ರರಿ ಮತ್ತೆ ತೆಗೆದ್ರಾ?" ಎಂದ. ಕಿವಿಯ ಹತ್ತಿರ ಬಾಯಿಟ್ಟು ಎಲ್ಲ ಹೇಳಿದೆ. ಸಂಜೆಯೊಳಗೆ ಮಾಡಿಕೊಟ್ಟ. ದಪ್ಪ ಅಕ್ಷರ, ಕೆಂಪು ಶಾಯಿಗೆಂದೇ: ಖಾಲಿ ಹೊಟ್ಟೆಗೆ. ಕೆಳಗಿನ ಸಾಲಿನಲ್ಲಿ: ಮುಂಚೆ ಎರಡು ಗಂಟೆ, ಆಮೇಲೆ ಒಂದು ಗಂಟೆ ಏನೂ ತಿನ್ನಬೇಡಿ.

ಮರುದಿನ ಆ ಮುದ್ರೆಯನ್ನು ಖಾಲಿ ಗೂಡಿನಲ್ಲಿ ಇಟ್ಟೆ. ಪೆಪ್ಪರ್‌ಮಿಂಟನ್ನು ಕಿಟಕಿಯವರ ಕೈಗೆ ಕೊಟ್ಟೆ. ಅವರು ಮುದ್ರೆಯನ್ನು ನೋಡಿದರು, ನನ್ನ ಊದಿಳಿದ ಕಾಲನ್ನು ನೋಡಿದರು. "ಮೇಲಿನವರು ಕೇಳಿದ್ರೆ?"

"ರೋಗಿ ಸೂಚನೆ ಪಾಲಿಸಿದ ಅನ್ನಿ."

ಅವರು ನಕ್ಕರು, ನನ್ನ ಲಕೋಟೆಗೆ ಕೆಂಪು ಮುದ್ರೆ ಒತ್ತಿದರು. ಸರದಿಯಲ್ಲಿ ನನ್ನ ಹಿಂದಿದ್ದ ದಪ್ಪ ಕನ್ನಡಕದವರು "ನನ್ನದೂ ಅದೇ ಮಾತ್ರೆ ಅಲ್ವಾ, ನೋಡಿ" ಎಂದು ಜೇಬಿನಿಂದ ಲಕೋಟೆ ತೆಗೆದರು. ನೀಲಿ ಮುದ್ರೆ. ಅವರ ಹಿಂದಿನವರೂ ಜೇಬಿಗೆ ಕೈ ಹಾಕಿದರು. ಸ್ವಲ್ಪ ಹೊತ್ತಿಗೆ ಆ ಸಾಲು ಔಷಧಿ ತೆಗೆದುಕೊಳ್ಳುವ ಸಾಲಾಗಿ ಉಳಿಯಲಿಲ್ಲ. ಒಬ್ಬೊಬ್ಬರೂ ಪಕ್ಕದವರ ಲಕೋಟೆ ಓದುತ್ತಿದ್ದರು. ದೊಡ್ಡ ಡಾಕ್ಟರು ತಾವೇ ಮೆಟ್ಟಿಲಿಳಿದು ಬಂದರು. ಆ ವಾರವೇ ಅಂಥ ಮಾತ್ರೆಗಳನ್ನು ಬೇರೆ ಕಪಾಟಿಗೆ ಹಾಕಿದರು. ಈಗ ವಿವರದ ಹಾಳೆ ಕೇಳದೆಯೇ ಕೈಗೆ ಬರುತ್ತದೆ. ಎಲ್ಲರಿಗೂ ತಿಂಗಳಿಗೊಮ್ಮೆ ಬಿಪಿ, ಪೊಟ್ಯಾಸಿಯಂ, ಲಿವರ್ ನೋಡುತ್ತಾರೆ. ನನ್ನ ಕೇಸ್ ಹಾಳೆಯ ಆ ಸಾಲನ್ನು ಹೊಡೆದುಹಾಕಿ ಸಹಿ ಮಾಡಿದ್ದಾರೆ. ಗೆದ್ದೆ ಪುಟ್ಟಿ. ಬಹಳ ವರ್ಷದ ಮೇಲೆ ಒಂದು ಕಡೆ ಪೂರ್ತಿ ಗೆದ್ದೆ ಎನಿಸಿತು.

ಇನ್ನೂ ಇದೆ ಕೇಳು. ಮೊನ್ನೆಯ ರಕ್ತಪರೀಕ್ಷೆಯಲ್ಲಿ ಪಿಎಸ್‌ಎ, ಅಂದರೆ ಈ ರೋಗದ ಜೋರು ತೋರಿಸುವ ಅಂಕಿ, ನೆಲ ಕಚ್ಚಿದೆ. ನಮ್ಮ ಹಳದಿ ಅಂಗಿಯ ಡಾಕ್ಟರು ವರದಿಯನ್ನು ಎರಡು ಸಲ ತಿರುಗಿಸಿ ನೋಡಿ, "ನೀವು ನನ್ನ ಕ್ಷಮಿಸಬೇಕು, ಮೊದಲು ಅದನ್ನು ಹೇಳಿಬಿಡ್ತೀನಿ" ಎಂದರು. ದೊಡ್ಡ ಮನಸ್ಸು. ರೋಗ ಹೋಗಿಲ್ಲ, ಬಾಲ ಮುದುರಿ ಮೂಲೆಯಲ್ಲಿ ಕೂತಿದೆ ಅಷ್ಟೇ. ಕೂತಿರಲಿ. ಇಂಜೆಕ್ಷನ್ನಿನಿಂದ ಆಗಾಗ ಮೈಯೆಲ್ಲ ಕೆಂಡವಾಗುತ್ತದೆ. ನಿನ್ನಮ್ಮ ಬೀಸಣಿಗೆ ಬೀಸುತ್ತಾ "ಈಗ ಗೊತ್ತಾಯ್ತೇನ್ರಿ? ಮುಟ್ಟು ನಿಲ್ಲೋ ಕಾಲದಲ್ಲಿ ನಾನು ಫ್ಯಾನ್ ಹಾಕಿದಾಗೆಲ್ಲ ಕರೆಂಟು ಕರೆಂಟು ಅಂತಿದ್ರಿ" ಎನ್ನುತ್ತಾಳೆ. ಮೂಳೆ ಸವೆಯದಿರಲಿ ಎಂದು ದಿನಾ ನಡೆಯುತ್ತೇನೆ. ಸ್ವಲ್ಪ ಭಾರ ಎತ್ತಿ ಎಂದರು, ಕೈಗೊಂದು ನಿಘಂಟಿನ ಸಂಪುಟ ಎತ್ತುತ್ತೇನೆ. ಚಿಕ್ಕ ಮಾತ್ರೆಯನ್ನು ನನ್ನಷ್ಟಕ್ಕೆ ಎಂದೂ ನಿಲ್ಲಿಸಬಾರದಂತೆ, ನಿಲ್ಲಿಸುವುದಿಲ್ಲ.

ನಿನಗೊಂದು ಕಟ್ಟಪ್ಪಣೆ. ಮುಂದಿನ ತಿಂಗಳು ಬಂದಾಗ ನನ್ನ ದೊಡ್ಡ ಮಾತ್ರೆಯನ್ನು ಬರಿಗೈಯಲ್ಲಿ ಮುಟ್ಟಕೂಡದು. ಬಸುರಿಯರಿಗೆ ಅದು ಆಗದು, ಒಳಗಿನ ಮಗುವಿಗೆ ತೊಂದರೆ. ಇದೂ ವಿವರದ ಹಾಳೆಯಲ್ಲಿದೆ. ಈ ಸಲ ಓದಿದ್ದೇನೆ.

ಹುಷಾರಾಗಿ ಬಾ, ಸುಖವಾಗಿ ಹೆರು. ನಿನ್ನ ಮಗು ನಿನ್ನಷ್ಟೇ ಜಗಳಗಂಟಿಯಾಗಲಿ. ಅದರ ಮೊದಲ ಪುಸ್ತಕಕ್ಕೆ ಮುದ್ರೆ ಒತ್ತುವುದು ನಾನೇ ಎಂದು ನಿರ್ಧರಿಸಿದ್ದೇನೆ.

ನಿನ್ನ ಪ್ರೀತಿಯ
ಅಪ್ಪ

ಮ.ಸೂ.: ಒಂದು ಮಾತನ್ನು ಮೇಲೆ ಬರೆಯಲಿಲ್ಲ, ನಿನ್ನಮ್ಮ ಪಕ್ಕದಲ್ಲೇ ಇದ್ದಳು. ಈಗ ಅಂಗಡಿಗೆ ಹೋಗಿದ್ದಾಳೆ. ಜೂನ್‌ನಲ್ಲಿ ದೊಡ್ಡ ಡಾಕ್ಟರು ವಾರ್ಡಿಗೆ ಬಂದಾಗ ನನ್ನನ್ನು ಬಿಟ್ಟು ಅವಳನ್ನು ಕೇಳಿದರು: "ಮನೇಲಿ ಮಾತ್ರೆ ಕೊಡೋರು ಯಾರು? ಸ್ವಲ್ಪ ಓದಿ ಕೊಡಬಾರ್ದೇನಮ್ಮಾ?" ಎಲ್ಲ ಹಾಸಿಗೆಯವರೂ ಕೇಳಿಸಿಕೊಂಡರು. ಪುಟ್ಟಿ, ಅವಳು ಓದಿದ್ದಳು. ದಿನಾ ಬೆಳಗ್ಗೆ ಕನ್ನಡಕ ಏರಿಸಿ, ಗಟ್ಟಿಯಾಗಿ "ಊಟದ ನಂತರ" ಎಂದು ಓದಿ, ಮಾತ್ರೆಗಳನ್ನು ನನ್ನ ಅಂಗೈಗೆ ಹಾಕುತ್ತಿದ್ದಳು. ಆ ದಿನದಿಂದ ಅವಳು ಕನ್ನಡಕ ಮುಟ್ಟಿಲ್ಲ. ನೀರಿನ ಬಿಲ್ಲು ಬಂದರೂ "ನೀವೇ ನೋಡಿ, ನನಗೆ ಓದೋಕೆ ಬರಲ್ಲ" ಎಂದು ನನ್ನ ಮುಂದಿಡುತ್ತಾಳೆ. ನಾನು ಮಾತ್ರೆಯ ಡಬ್ಬಿ ತೆಗೆದರೆ ಹಿತ್ತಲಿಗೆ ಎದ್ದು ಹೋಗುತ್ತಾಳೆ. ನನ್ನ ಹಾಳೆಯ ಸಾಲನ್ನು ಹೊಡೆದುಹಾಕಿದರು. ಅವಳಿಗೆ ಅಂದ ಮಾತು ಯಾವ ಹಾಳೆಯಲ್ಲೂ ಇಲ್ಲ, ಹಾಗಾಗಿ ಅದನ್ನು ಯಾರೂ ಹೊಡೆದುಹಾಕಲಿಲ್ಲ. ಇಪ್ಪತ್ತೆಂಟನೇ ತಾರೀಕು ಆಸ್ಪತ್ರೆಯ ವಾರ್ಷಿಕ ಸಭೆ, ಊರಿನವರಿಗೆಲ್ಲ ಬಾಗಿಲು ತೆರೆದಿರುತ್ತದೆ. ಅವಳನ್ನು ಕರೆದುಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರಿಸುತ್ತೇನೆ. ನೀಲಿ ಮುದ್ರೆಯ ಲಕೋಟೆ ಎಷ್ಟು ಮನೆಗೆ ಹೋಯಿತು, ಅದನ್ನು ನಂಬಿ ಮಾತ್ರೆ ಕೊಟ್ಟ ಎಷ್ಟು ಹೆಂಗಸರು ಇವಳ ಹಾಗೆ ಬಾಯಿ ಮುಚ್ಚಿ ಕೂತಿದ್ದಾರೆ ಎಂದು ಎದ್ದು ನಿಂತು ಕೇಳುತ್ತೇನೆ. ದೊಡ್ಡ ಡಾಕ್ಟರು ಎಲ್ಲರ ಮುಂದೆ ಉತ್ತರ ಕೊಡಬೇಕು. ಕೊಡುವ ಮೊದಲು ನಿನ್ನಮ್ಮನ ಕಡೆ ತಿರುಗಿ, ಮೈಕಿನಲ್ಲಿ, ಇಷ್ಟು ಹೇಳಬೇಕು: "ನೀವು ಸರಿಯಾಗಿಯೇ ಓದಿದಿರಿ."