ಕಲೆಯಾಗದ ಬೀಟ್‌ರೂಟ್

ನವೆಂಬರ್ ೨, ಬೆಳಿಗ್ಗೆ

ಕುಕ್ಕರ್ ಇಟ್ಟಾಯಿತು. ಸೀಟಿ ಹೊಡೆಯುವವರೆಗೆ ಪುರುಸೊತ್ತು. ಬೀಜದ ಪ್ಯಾಕೆಟ್‌ಗಳನ್ನು ಹರಡಿಕೊಂಡು ಕೂತಿದ್ದೇನೆ. ಒಂದು ಕೆಂಪು, ಎಲ್ಲರೂ ಬೆಳೆಯುವುದು. ಒಂದು ಹಳದಿ. ಒಂದಕ್ಕೆ ಒಳಗೆಲ್ಲ ಬಿಳಿ-ಗುಲಾಬಿ ಬಳೆಗಳು… ಕತ್ತರಿಸಿದರೆ ತಿನ್ನಲು ಮನಸ್ಸೇ ಬರುವುದಿಲ್ಲವಂತೆ. ಕೊನೆಯದು ಪೂರ್ತಿ ಬಿಳಿ. ಬಣ್ಣ ಬಿಡುವುದೇ ಇಲ್ಲ, ಬಟ್ಟೆ ಮೇಲೆ ಬಿದ್ದರೂ ಗೊತ್ತಾಗುವುದಿಲ್ಲ ಎಂದಳು ಬೀಜದಂಗಡಿಯಾಕೆ. ಆ ಮಾತು ಕಿವಿಗೆ ಬಿದ್ದದ್ದೇ ಬಿಳಿಯದು ಎರಡು ಪ್ಯಾಕೆಟ್ ತೆಗೆದುಕೊಂಡೆ. ಇವರಿಗೆ ಕಾರಣ ಹೇಳಿಲ್ಲ.

ಇಲ್ಲಿ ಬರೆಯಬಹುದು. ಕಾರಣ ಮಾವ.

ಅವರ ಕೈ ನಡುಗಲು ಶುರುವಾಗಿ ವರ್ಷವಾಗುತ್ತಾ ಬಂತು. ಹೋದ ಸಲ ನಾದಿನಿಯ ಅತ್ತೆ ಬಂದಿದ್ದಾಗ ಆಕೆಯ ಹೊಸ ಬಟ್ಟೆ ಮೇಲೆ ಟೀ ಚೆಲ್ಲಿದರು. ಆಕೆ ಒದ್ದೆಯಾದ ತುದಿ ಹಿಡಿದುಕೊಂಡು ಕೂತಿದ್ದರು, ಅಷ್ಟೇ. ಅಂದಿನಿಂದ ಮಾವನ ಊಟ ರೂಮಿನಲ್ಲಿ, ಬಾಗಿಲು ಹಾಕಿಕೊಂಡು. ಟೀ ಕೂಡ ಅರ್ಧ ಲೋಟವೇ, ಚೆಲ್ಲಬಾರದೆಂದು. ಜೀವಮಾನವಿಡೀ ಡ್ರೈಕ್ಲೀನಿಂಗ್ ಅಂಗಡಿ ನಡೆಸಿ ಊರವರ ಕಲೆ ತೆಗೆದವರು! ಈಗಲೂ ದಿನಾ ಬಿಳಿ ಶರ್ಟೇ. ಬೀಟ್‌ರೂಟ್ ಅಂದರೆ ಪ್ರಾಣ. ಅದನ್ನೂ ಬಿಟ್ಟಿದ್ದಾರೆ.

ಅವರು ಮತ್ತೆ ಮೇಜಿಗೆ ಬರಬೇಕು, ನಮ್ಮ ಜೊತೆ ಕೂತು ಉಣ್ಣಬೇಕು. ನನಗೆ ಬೇಕಾಗಿರುವುದು ಇಷ್ಟು.

ಸೀಟಿ ಹೊಡೆಯಿತು.

ನವೆಂಬರ್ ೩

ಪ್ಯಾಕೆಟ್‌ಗಳನ್ನು ಮಾವನ ಮುಂದಿಟ್ಟೆ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು, ಯಾರೋ ಗಿರಾಕಿ ಬಟ್ಟೆ ಕೊಟ್ಟ ಹಾಗೆ. ಹಳದಿ, ಬಳೆ, ಬಿಳಿ ಎಲ್ಲ ಪಕ್ಕಕ್ಕೆ. ಅವು ಬಣ್ಣ ಹೋದ ಮಾಲಂತೆ. ಬೀಟ್‌ರೂಟ್ ಅಂದಮೇಲೆ ಕೆಂಪೇ ಆಗಬೇಕು ಎಂದರು. ಆಗಲಿ ಮಾವ ಎಂದು ತಲೆಯಾಡಿಸಿದೆ.

ಸಂಜೆ ನೆನೆಹಾಕಿದ್ದು ಬಿಳಿ. ಬೀಜ ನೋಡಿದರೆ ಎಲ್ಲವೂ ಒಂದೇ, ಕಂದು ಬಣ್ಣದ ಗಂಟು. ಯಾರಿಗೆ ಗೊತ್ತಾಗಬೇಕು! ಕೀಳುವಾಗ, ಅಯ್ಯೋ ಪ್ಯಾಕೆಟ್ ಅದಲುಬದಲಾಯಿತು ಎಂದರಾಯಿತು.

ನವೆಂಬರ್ ೪

ಬಿತ್ತಿದೆ. ಹಿತ್ತಿಲಿನ ಮಡಿಯಲ್ಲಿ ಎರಡು ಸಾಲು, ಗೆರೆ ಎಳೆದ ಹಾಗೆ ನೇರ. ಡ್ಯೂಟಿಗೆ ಲೇಟ್. ಕನ್ನಡಕದಂಗಡಿಯಲ್ಲಿ ಓನರ್ ಮೂತಿ ಉಬ್ಬಿಸಿದರು. ಉಬ್ಬಿಸಲಿ.

ನವೆಂಬರ್ ೧೪

ಮೊಳಕೆ ಬಂದಿದೆ. ಆದರೆ… ದಂಟು ಹಸಿರು.

ಕೆಂಪು ಬೀಟ್‌ರೂಟಿಗೆ ಹುಟ್ಟುವಾಗಲೇ ದಂಟು ಕೆಂಪಂತೆ. ಅಂಗಡಿಯಾಕೆ ಇದನ್ನು ಮೊದಲೇ ಹೇಳಬಾರದಿತ್ತೇ? ಮಾವ ಮಡಿಯ ಪಕ್ಕ ಸ್ಟೂಲ್ ಹಾಕಿಕೊಂಡು ಬಹಳ ಹೊತ್ತು ಕೂತಿದ್ದರು. ಕಲೆ ನೋಡಿ ಇದು ಟೀ, ಇದು ಕಾಫಿ, ಬಿದ್ದು ಇಷ್ಟು ದಿನವಾಯಿತು ಎಂದು ಹೇಳುತ್ತಿದ್ದ ಮನುಷ್ಯ. ಹಸಿರಿಗೂ ಕೆಂಪಿಗೂ ವ್ಯತ್ಯಾಸ ತಿಳಿಯದೇ?

ಚೆನ್ನಾಗಿ ಬಂದಿದೆ ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ನವೆಂಬರ್ ೧೫

ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಡಿಸೆಂಬರ್ ೧, ಸಂಜೆ

ಕಳೆ ಕೀಳಲು ಹೋದೆ. ನನ್ನ ಎರಡು ಹಸಿರು ಸಾಲುಗಳ ನಡುವೆ ಇನ್ನೊಂದು ಸಾಲು. ಸಾಲು ಅನ್ನುವ ಹಾಗೂ ಇಲ್ಲ. ಒಂದು ಕಡೆ ಗುಂಪು, ಒಂದು ಕಡೆ ಖಾಲಿ, ಎರಡು ಮೂರು ಗಿಡ ಮಡಿ ದಾಟಿ ಕಲ್ಲಿನ ಪಕ್ಕಕ್ಕೇ ಹೋಗಿವೆ. ದಂಟು ಕೆಂಪೋ ಕೆಂಪು. ಯಾರ ಕೈ ಎಂದು ಕೇಳಬೇಕಾಗಿರಲಿಲ್ಲ.

ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಾಗ ಮಾವ ಬಂದರು. ನಾನು ಡ್ಯೂಟಿಗೆ ಹೋದಮೇಲೆ ಬಿತ್ತಿದ್ದಂತೆ. ಕೈ ನಡುಗುವುದು ಬಿತ್ತನೆಗೆ ಒಳ್ಳೆಯದು, ಬೀಜ ತಾನೇ ಉದುರುತ್ತದೆ ಎಂದು ನಕ್ಕರು. ನನಗೆ ನಗು ಬರಲಿಲ್ಲ. ತಪ್ಪಾಯಿತು ಮಾವ ಎಂದೆ.

"ತಪ್ಪೇನಿಲ್ಲಮ್ಮ. ನನ್ನ ಶರ್ಟಿಗೆ ಹೆದರಿ ಬಿಳಿದು ಹಾಕ್ದೆ. ನಾನೂ ಅದಕ್ಕೇ ಹೆದರಿ ಒಳಗೆ ಕೂತಿದೀನಿ. ಆದ್ರೆ ಬಣ್ಣ ಬಿಡೋದೆಲ್ಲ ಲೋಕದಲ್ಲಿ ಇರ್ಲೇಬಾರ್ದು ಅಂದಿದ್ರೆ, ನಮ್ಮಂಗಡಿ ನಡೆದು ಮನೇಲಿ ಒಲೆ ಉರೀತಿತ್ತಾ?"

ಹಾಗಾದರೆ ಮೇಜಿಗೆ ಬನ್ನಿ ಎಂದೆ, ಸಮಯ ಸಿಕ್ಕಿತೆಂದು. ತಲೆ ಅಲ್ಲಾಡಿಸಿದರು. ಬೀಟ್‌ರೂಟ್ ಬೇರೆ, ಅದು ಬೇರೆ ಎಂದರು.

ಮೆಚ್ಚಲೋ, ಸಿಟ್ಟು ಮಾಡಲೋ? ಎರಡೂ ಮಾಡುತ್ತಿದ್ದೇನೆ.

ಡಿಸೆಂಬರ್ ೧೯

ಬೀಟ್‌ರೂಟಿನ ಒಂದು ಗಂಟಿನಲ್ಲಿ ಎರಡು ಮೂರು ಸಸಿ ಹುಟ್ಟುತ್ತವೆ. ಒಂದನ್ನು ಉಳಿಸಿ ಮಿಕ್ಕವನ್ನು ತೆಗೆಯಬೇಕು. ಮಾವ ಮಾಡುವುದನ್ನು ಕಿಟಕಿಯಿಂದ ನೋಡಿದೆ. ಬಲಗೈ ನಡುಗದ ಹಾಗೆ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಳ್ಳುತ್ತಾರೆ. ಕತ್ತರಿಯ ತುದಿ ಸಸಿಯ ಬುಡ ಮುಟ್ಟುವವರೆಗೆ ಕಾಯುತ್ತಾರೆ. ಕತ್ತರಿ ಅತ್ತಿತ್ತ ಹೋದರೆ ಬೇಸರವಿಲ್ಲ, ಮತ್ತೆ ತರುತ್ತಾರೆ. ನಾನಾಗಿದ್ದರೆ ಕತ್ತರಿ ಬಿಸಾಕಿ ಎದ್ದುಬರುತ್ತಿದ್ದೆ. ಉಳಿಸಿದ ಗಿಡಕ್ಕೆ ಏಟು ಬಿದ್ದಿಲ್ಲ. ಎಂಥ ಮನುಷ್ಯ! ಇವರಿಗೆ ಹೇಳಿದೆ, ನಿಮ್ಮಪ್ಪನ ತಾಳ್ಮೆಯಲ್ಲಿ ಕಾಲು ಭಾಗ ನಿಮಗೆ ಬಂದಿದ್ದರೂ ಸಾಕಿತ್ತು ಎಂದು. ಇವರು ಪೇಪರ್ ಮುಖಕ್ಕೆ ಅಡ್ಡ ಹಿಡಿದರು.

ಊಟ ಮಾತ್ರ ಇನ್ನೂ ರೂಮಿನಲ್ಲೇ.

ಜನವರಿ ೩೦

ನಾದಿನಿಯ ಫೋನ್. ಭಾನುವಾರ ಊಟಕ್ಕೆ ಬರುತ್ತಾರೆ, ಅವಳ ಅತ್ತೆಯೂ. ಹೌದು, ಅದೇ ಅತ್ತೆ. ಮಾವನಿಗೆ ಹೇಳಿದೆ. ನನ್ನ ತಟ್ಟೆ ರೂಮಿಗೇ ಕೊಟ್ಟುಬಿಡಮ್ಮ ಎಂದರು, ನಾಳೆ ಹಾಲು ತರಬೇಕು ಎನ್ನುವ ಹಾಗೆ.

ಅಡುಗೆಮನೆಗೆ ಬಂದು ಅತ್ತುಬಿಟ್ಟೆ. ಯಾಕೆ ಸುಳ್ಳು ಬರೆಯಲಿ.

ಫೆಬ್ರವರಿ ೩, ಶನಿವಾರ

ಕಿತ್ತೆವು. ನನ್ನ ಬಿಳಿಯವು ಒಂದೇ ಅಳತೆ, ಶಾಲೆ ಮಕ್ಕಳ ಸಾಲಿನಂತೆ. ಮಾವನವು ಒಂದು ನೆಲ್ಲಿಕಾಯಿಯಷ್ಟು, ಒಂದು ಮುಷ್ಟಿಯಷ್ಟು. ಬಣ್ಣ ಮಾತ್ರ… ತೊಳೆದ ಬಕೆಟ್ಟಿನ ನೀರೂ ಕೆಂಪಾಯಿತು. ಸಿಪ್ಪೆ ತೆಗೆಯದೆ ಇಡಿಯಾಗಿ ಬೇಯಿಸು, ದಂಟು ಒಂದಿಷ್ಟು ಬಿಟ್ಟಿರು, ಬಣ್ಣ ಒಳಗೇ ನಿಲ್ಲುತ್ತದೆ ಎಂದರು. ನಾಳೆ ಎರಡೂ ಬಡಿಸುತ್ತೇನೆ.

ಫೆಬ್ರವರಿ ೪, ಸಂಜೆ

ಬೇಗ ಬರೆಯಬೇಕು. ಎಲ್ಲರೂ ಇನ್ನೂ ಹಾಲ್‌ನಲ್ಲೇ ಇದ್ದಾರೆ.

ಮಾವನ ತಟ್ಟೆ ರೂಮಿಗೆ ಕೊಟ್ಟು ಬಂದೆ. ಬಾಗಿಲು ಪೂರ್ತಿ ಹಾಕಿರಲಿಲ್ಲ. ಮೇಜಿನ ಮೇಲೆ ಒಂದು ತಟ್ಟೆಯಲ್ಲಿ ಬಿಳಿ ಹೋಳು, ಇನ್ನೊಂದರಲ್ಲಿ ಕೆಂಪು. ನಾದಿನಿಯ ಅತ್ತೆಗೆ ಕೆಂಪು ಬಡಿಸಲು ಹೋದೆ. ಆಕೆ ಕೈ ಅಡ್ಡ ಹಿಡಿದರು. ತಿನ್ನಲು ಆಸೆಯೇನೋ ಇದೆ, ಆದರೆ ಬಟ್ಟೆಗೆ ಬಿದ್ದರೆ ಹೋಗುವುದೇ ಇಲ್ಲ, ಆ ಬಿಳಿಯದೇ ಹಾಕು ಎಂದರು. ಬೇಕೆಂದು ಚುಚ್ಚಿದ್ದಲ್ಲ ಪಾಪ, ಸುಮ್ಮನೆ ಬಂದ ಮಾತು. ಆದರೂ ನಾದಿನಿ ತಲೆ ತಗ್ಗಿಸಿದಳು. ಇವರು ನೀರು ಕುಡಿದರು.

ರೂಮಿನಲ್ಲಿ ಕುರ್ಚಿ ಸರಿದ ಸದ್ದು.

ಮಾವ ಬಾಗಿಲಲ್ಲಿ. ಕೈಯಲ್ಲಿ ತಟ್ಟೆ, ಅದರಲ್ಲಿ ಚಮಚ ಟಕಟಕ ಎನ್ನುತ್ತಿತ್ತು. ಅಂಗಡಿ ಕೌಂಟರಿನ ಹಿಂದೆ ನಿಂತಾಗ ಇರುತ್ತಿತ್ತಂತಲ್ಲ, ಆ ದನಿ:

"ಹೋಗಲ್ಲ ಅಂತ ಯಾರು ಹೇಳಿದ್ದು? ಧಾರಾಳವಾಗಿ ತಿನ್ನಿ ತಾಯಿ. ಬಿದ್ರೆ ನಂಗೆ ಕೊಡಿ, ನಾನು ತೆಗೆದುಕೊಡ್ತೀನಿ."

ಬಂದು ಆಕೆಯ ಎದುರಿಗೇ ಕೂತರು. ಕೆಂಪು ಹೋಳನ್ನು ತಾವೇ ಹಾಕಿಕೊಂಡರು. ಮೊದಲನೆಯದು ಬಾಯಿಗೆ ಹೋಯಿತು. ಎರಡನೆಯದು ಶರ್ಟಿನ ಮೇಲೆ, ಎದೆಯ ನಟ್ಟನಡುವೆ. ಮಾವ ತಲೆ ಬಗ್ಗಿಸಿ ಕಲೆಯನ್ನು ನೋಡಿದರು. ಬಿಸಿನೀರು ತಾಗಿಸಬಾರದು, ತಣ್ಣೀರು ಸಾಕು, ಉಜ್ಜಬಾರದು ಎಂದು ಆಕೆಗೆ ವಿವರಿಸಿದರು. ಆಕೆ ನಿಜವಾಗಿಯೂ ಕಿವಿಗೊಟ್ಟು ಕೇಳಿದರು. ಆಮೇಲೆ ತಟ್ಟೆ ಮುಂದೆ ಚಾಚಿ, ನನಗೂ ಕೆಂಪೇ ಹಾಕು ಎಂದರು. ಬಡಿಸುವಾಗ ಮೇಜಿನ ಬಟ್ಟೆ ಮೇಲೆ ಎರಡು ಹನಿ ಬಿತ್ತು. ನಾನು ಬೀಳಿಸಿದ್ದು, ಮಾವನಲ್ಲ.

ಇಂಥವರ ಮನೆಗೆ ಸೊಸೆಯಾಗಿ ಬಂದೆ ಅನ್ನುವುದೇ ನನಗೊಂದು ಜಂಬ. ಊಟ ಮುಗಿದು ಇಷ್ಟು ಹೊತ್ತಾದರೂ ಮಾವ ಮೇಜು ಬಿಟ್ಟು ಎದ್ದಿಲ್ಲ. ಶರ್ಟ್ ಕೊಡಿ ನೆನೆಸುತ್ತೇನೆ ಎಂದರೆ ಕೊಡುತ್ತಿಲ್ಲ, ಒಣಗಿದರೂ ಪರವಾಗಿಲ್ಲವಂತೆ, ಮಾತು ಮುಗಿಯಲಿ ಅಂತೆ. ಕಲೆ ಹಾಗೇ ಇಟ್ಟುಕೊಂಡು ಕೂತಿದ್ದಾರೆ, ನಗುತ್ತಾ. ಟೀ ಎಲ್ಲಿ ಅಂತ ಕೂಗುತ್ತಿದ್ದಾರೆ. ಲೋಟ ತುಂಬ ತಾ, ಅರ್ಧ ಬೇಡ ಅಂತ—